'ಸ್ಟ್ರೇಂಜ್ ಫ್ರೂಟ್', 'ಮಿಸಿಸಿಪ್ಪಿ ಗಾಡ್‌ಡ್ಯಾಮ್', 'ವಿ ಶಲ್ ಓವರ್‌ಕಮ್': 90 ನಿಮಿಷದಲ್ಲಿ ಕೇಳಿಸುವುದು ಹೇಗೆ?

ಪುಟ್ಟಮಲ್ಲಿಗೆ

ಓದುಗರ ಬಳಗಕ್ಕೆ 90 ನಿಮಿಷದ ಆಲಿಕೆ ಕೂಟ ಆಗಬೇಕಿದೆ. ವಿಷಯ, ಅಮೆರಿಕದಲ್ಲಿ ಕಪ್ಪು ಜನರ ಮೇಲೆ ನಡೆದ ಹಿಂಸೆಯ ವಿರುದ್ಧ ಹುಟ್ಟಿದ ಹಾಡುಗಳು. ಸುಮಾರು 40 ಜನ. ಹೆಚ್ಚಿನವರು ಕನ್ನಡದಲ್ಲೇ ಓದುವವರು, ಇಂಗ್ಲಿಷ್ ಹಾಡಿನ ಸಾಲು ಕಿವಿಗೆ ಬಿದ್ದ ಕೂಡಲೇ ಅರ್ಥವಾಗುವುದಿಲ್ಲ.

ಈಗಿನ ಪಟ್ಟಿ: ಬಿಲ್ಲಿ ಹಾಲಿಡೇ 'ಸ್ಟ್ರೇಂಜ್ ಫ್ರೂಟ್', 'ವಿ ಶಲ್ ಓವರ್‌ಕಮ್', ಸ್ಯಾಮ್ ಕುಕ್ 'ಎ ಚೇಂಜ್ ಈಸ್ ಗೋನಾ ಕಮ್', ಜಾನ್ ಕೊಲ್ಟ್ರೇನ್ 'ಅಲಬಾಮಾ', ನೀನಾ ಸಿಮೋನ್ 'ಮಿಸಿಸಿಪ್ಪಿ ಗಾಡ್‌ಡ್ಯಾಮ್', ಕೆಂಡ್ರಿಕ್ ಲಮಾರ್ 'ಆಲ್‌ರೈಟ್'. ಇದೇ ಕ್ರಮ ಸಾಕೇ? ಯಾವ ಧ್ವನಿಮುದ್ರಣ ಹಾಕಬೇಕು? ಸಾಲುಗಳನ್ನು ಕನ್ನಡಕ್ಕೆ ತಂದು ಕೈಗೆ ಕೊಡುವುದಾದರೆ ಎಲ್ಲೆಲ್ಲಿ ಎಡವುತ್ತೇವೆ? ತಿಳಿದವರು ಬರೆಯಿರಿ.

ಹಳೇತಟ್ಟೆ

ಮೊದಲ ಹಾಡಿನ ಬಗ್ಗೆ ಮಾತ್ರ ಬರೆಯುತ್ತೇನೆ ಮೇಡಂ, ಯಾಕೆಂದರೆ ಕೂಟ ಮಾಡುವವರು ಹೆಚ್ಚಾಗಿ ಕೆಡಿಸಿಕೊಳ್ಳುವುದು ಅದನ್ನೇ.

ಹಾಲಿಡೇ ಇದನ್ನು ಬೇರೆ ಬೇರೆ ಕಾಲದಲ್ಲಿ ಹಾಡಿದ ಮುದ್ರಣಗಳಿವೆ. ನಿಮಗೆ ಬೇಕಾದದ್ದು 1939ರ ಏಪ್ರಿಲ್ 20ರದ್ದು. ಅವರ ಮಾಮೂಲಿ ಕಂಪನಿ ಕೊಲಂಬಿಯಾ ಈ ಹಾಡನ್ನು ಮುಟ್ಟಲು ಒಪ್ಪಲಿಲ್ಲ. ಒಂದು ದಿನದ ಮಟ್ಟಿಗೆ ಅವರನ್ನು ಬಿಟ್ಟುಕೊಟ್ಟಿತು, ಮಿಲ್ಟ್ ಗೇಬ್ಲರ್ ಎಂಬ ಗ್ರಾಮಫೋನ್ ತಟ್ಟೆ ಅಂಗಡಿಯವರು ತಮ್ಮ ಪುಟ್ಟ ಕಮೊಡೋರ್ ಸಂಸ್ಥೆಯಲ್ಲಿ ಮುದ್ರಿಸಿದರು. ಹಾಡಿನಲ್ಲಿ ಇರುವುದು ಹನ್ನೆರಡೇ ಸಾಲು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷ ಹಿಡಿಯುತ್ತದೆ. ಆ ಜಾಗ ತುಂಬಲೆಂದು ಗೇಬ್ಲರ್ ಪೀಠಿಕೆಯನ್ನು ಉದ್ದ ಮಾಡಿಸಿದರು. ಹಾಗಾಗಿ ಮೊದಲು ಟ್ರಂಪೆಟ್, ಆಮೇಲೆ ಸನ್ನಿ ವೈಟ್ ಅವರ ಪಿಯಾನೊ. ಹಾಡುವ ದನಿ ಬರುವುದು ಸುಮಾರು 70 ಸೆಕೆಂಡ್ ಆದ ಮೇಲೆ.

ಆ 70 ಸೆಕೆಂಡಿನಲ್ಲೇ ಎಲ್ಲ ಕೆಡುವುದು. ನಿರೂಪಕರು ಹಾಡು ಇನ್ನೂ ಶುರುವಾಗಿಲ್ಲ ಎಂದುಕೊಂಡು ಅದರ ಮೇಲೆಯೇ ಮಾತಾಡುತ್ತಾರೆ, ಜನ ಕುರ್ಚಿ ಎಳೆಯುತ್ತಾರೆ. ಹೇಳುವುದನ್ನೆಲ್ಲ ಮೊದಲೇ ಹೇಳಿ ಮುಗಿಸಿ, ಸಾಲುಗಳ ಹಾಳೆ ಕೈಗೆ ಕೊಟ್ಟು, ಓದಲು ಎರಡು ನಿಮಿಷ ಬಿಟ್ಟು, ಆಮೇಲೆ ಹಾಕಿ.

ಇನ್ನೊಂದು. ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ ಹಾಲಿಡೇ ಇದನ್ನು ಮೊದಲು ಹಾಡಲು ತೊಡಗಿದಾಗ ಮಾಲೀಕ ಬಾರ್ನಿ ಜೋಸೆಫ್ಸನ್ ಕಟ್ಟುನಿಟ್ಟು ಮಾಡಿದ್ದರು: ಇದು ಕೊನೆಯ ಹಾಡು, ಶುರುವಾಗುವ ಮೊದಲು ಮಾಣಿಗಳು ಬಡಿಸುವುದನ್ನು ನಿಲ್ಲಿಸಬೇಕು, ಕೋಣೆಯ ದೀಪ ಆರಬೇಕು, ಮುಖದ ಮೇಲೆ ಒಂದೇ ಬೆಳಕು, ಮುಗಿದ ಮೇಲೆ ಎಷ್ಟೇ ಚಪ್ಪಾಳೆ ಬಂದರೂ ಅವರು ಮತ್ತೆ ವೇದಿಕೆಗೆ ಬರುವಂತಿಲ್ಲ. ಇದರಲ್ಲಿ ನಾಟಕವಿಲ್ಲ. ಕುಡಿಯಲು ಬಂದ ಜನರ ಮುಂದೆ ಕೊಲೆಯ ಹಾಡು ಹಾಡಬೇಕಾದರೆ ಬೇರೆ ದಾರಿಯೇ ಇರಲಿಲ್ಲ. ನೀವೂ ಟೀ ಲೋಟ ಮೊದಲೇ ಎತ್ತಿಸಿ, ಟ್ಯೂಬ್‌ಲೈಟ್ ಆರಿಸಿ, ಈ ಹಾಡನ್ನು ಕೊನೆಗೆ ಇಡಿ. ಮೊದಲು ಇಟ್ಟರೆ ಇದರ ನಂತರ ಏನು ಹಾಕಿದರೂ ನಿಲ್ಲುವುದಿಲ್ಲ.

ಮಸಿಕುಡಿಕೆ

ಕನ್ನಡದ ಹಾಳೆಯ ವಿಷಯಕ್ಕೆ ಬರುತ್ತೇನೆ. ಬರೆದವರು ಏಬೆಲ್ ಮೀರೋಪೊಲ್, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹೈಸ್ಕೂಲು ಮೇಷ್ಟರು. 1937ರಲ್ಲಿ ಶಿಕ್ಷಕರ ಸಂಘದ ಪತ್ರಿಕೆಯಲ್ಲಿ ಇದು 'ಬಿಟರ್ ಫ್ರೂಟ್' ಎಂಬ ಪದ್ಯವಾಗಿ ಬಂತು, ಆಮೇಲೆ ಅವರೇ ರಾಗ ಹಾಕಿದರು. ಗಮನಿಸಿ, ಹನ್ನೆರಡು ಸಾಲಿನಲ್ಲಿ ಎಲ್ಲೂ 'ಲಿಂಚಿಂಗ್', ಅಂದರೆ ಗುಂಪುಹತ್ಯೆ, ಎಂಬ ಪದವಿಲ್ಲ, ಕೊಂದವರ ಮಾತೂ ಇಲ್ಲ. ಮರ, ಎಲೆ, ಬೇರು, ಗಾಳಿ, ಹೂವಿನ ಕಂಪು, ಕಾಗೆ, ಮಳೆ, ಬಿಸಿಲು, ಬೆಳೆ. ತೋಟದ ವರ್ಣನೆಯ ಮಾತಿನಲ್ಲೇ, ಮರಕ್ಕೆ ನೇತುಹಾಕಿದ ಕಪ್ಪು ಜನರ ಹೆಣ ಹಣ್ಣಿನ ಹಾಗೆ ತೂಗುತ್ತದೆ. ಅನುವಾದದಲ್ಲಿ 'ಗುಂಪುಹತ್ಯೆ' ಎಂದು ಬಿಡಿಸಿ ಬರೆದರೆ ಪದ್ಯ ಸತ್ತಿತು. ಆ ಪದ ಪೀಠಿಕೆಯಲ್ಲಿರಲಿ, ಸಾಲಿನಲ್ಲಿ ಬೇಡ.

ಶೀರ್ಷಿಕೆಗೆ 'ವಿಚಿತ್ರ ಹಣ್ಣು' ಎಂದು ಹಾಕಬೇಡಿ, ಮಕ್ಕಳ ಕತೆಯ ಹೆಸರಾಗುತ್ತದೆ. 'ವಿಚಿತ್ರ ಫಲ' ಇನ್ನೂ ಅಪಾಯ. ಫಲ ಎಂದ ಕೂಡಲೇ ನಮ್ಮಲ್ಲಿ 'ಮಾಡಿದ್ದರ ಫಲ' ಎಂಬುದು ಬೆನ್ನಿಗೇ ಬರುತ್ತದೆ. ಸತ್ತವರೇ ಏನೋ ಮಾಡಿದ್ದರು ಎಂದಾಗುತ್ತದೆ. ನನ್ನ ಆಯ್ಕೆ 'ಕಂಡರಿಯದ ಹಣ್ಣು'.

'ದಕ್ಷಿಣ' ಎಂದು ಬರೀ ಬರೆದರೆ ಓದುವವರ ಕಣ್ಣ ಮುಂದೆ ನಮ್ಮ ದಕ್ಷಿಣ ಬರುತ್ತದೆ. ಪೀಠಿಕೆಯಲ್ಲಿ ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ ಹೆಸರು ಹೇಳಿ 'ತೆಂಕಣ ಸೀಮೆ' ಎಂದು ಗುರುತು ಕಟ್ಟಿಕೊಡಿ.

ಮ್ಯಾಗ್ನೋಲಿಯಾ ಹೂವಿನ ಮುಂದೆ ಯಾರಾದರೂ ನಿಂತು ಯೋಚಿಸಲೇಬೇಕು. ನಮ್ಮ ಸಂಪಿಗೆ ಅದೇ ಕುಲದ ಗಿಡ, ಸಸ್ಯಶಾಸ್ತ್ರದಲ್ಲಿ ಅದರ ಹೆಸರೇ ಮ್ಯಾಗ್ನೋಲಿಯಾ ಚಂಪಕ. 'ಸಂಪಿಗೆಯ ಕಂಪು' ಎಂದರೆ ವಾಸನೆ ತಕ್ಷಣ ಮೂಗಿಗೆ ಬರುತ್ತದೆ, ಮರುಸಾಲಿನಲ್ಲಿ ಸುಟ್ಟ ಮಾಂಸದ ವಾಸನೆ ಅಷ್ಟೇ ಜೋರಾಗಿ ಹೊಡೆಯುತ್ತದೆ. ಜಾಗ ಮಲೆನಾಡಿಗೆ ಬಂದುಬಿಡುತ್ತದಲ್ಲ ಎಂಬ ಅಳುಕು ಇದೆ, ಆದರೂ ನಾನು ಸಂಪಿಗೆಯನ್ನೇ ಹಾಕುವೆ. ಈ ಪದ್ಯಕ್ಕೆ ವಾಸನೆಯೇ ಮುಖ್ಯ.

ಕಾಗೆಯ ಸಾಲು ನಮ್ಮಲ್ಲಿ ಪಿಂಡದ ಕಾಗೆಯನ್ನು ನೆನಪಿಸುತ್ತದೆ, ಅದು ನಷ್ಟವೇನಲ್ಲ. ಆದರೆ ಅಲ್ಲಿನ ವರ್ಣಭೇದದ ಕಾನೂನುಗಳಿಗೇ 'ಜಿಮ್ ಕ್ರೋ' ಎಂದು ಹೆಸರಿತ್ತು, ಕ್ರೋ ಎಂದರೆ ಕಾಗೆ. ಇದನ್ನು ಅಡಿಟಿಪ್ಪಣಿಯಲ್ಲಿ ಒಂದು ಸಾಲು ಹೇಳಿ.

ಕೆಂಡಸಂಪಿಗೆ_76

ಮಸಿಕುಡಿಕೆ ಅವರೇ, 'ಕಂಡರಿಯದ' ಒಪ್ಪಲಾರೆ. ಅಲಬಾಮಾದ ಕಪ್ಪು ಜನರ ಕಾಲೇಜು ಟಸ್ಕೀಗೀ ಸಂಸ್ಥೆಯ ದಾಖಲೆ ಪ್ರಕಾರ 1882ರಿಂದ 1968ರ ತನಕ ಗುಂಪುಹತ್ಯೆಗೆ ಬಲಿಯಾದವರು 4,743, ಅವರಲ್ಲಿ 3,446 ಕಪ್ಪು ಜನ. ಊರಿಗೆ ಊರೇ ಸೇರಿ ನೋಡಿದ್ದು, ಮಕ್ಕಳನ್ನು ಕರೆತಂದು ತೋರಿಸಿದ್ದು. ಕಂಡರಿಯದ್ದು ಎಂದರೆ ಸುಳ್ಳಾಗುತ್ತದೆ. 'ಬೇರೆಯೇ ಹಣ್ಣು' ಸಾಕು. ಆಡುಮಾತಿನದು, ಸದ್ದಿಲ್ಲದೆ ಬರುತ್ತದೆ.

ಮಸಿಕುಡಿಕೆ

ಸರಿ. 'ಬೇರೆಯೇ ಹಣ್ಣು' ನನ್ನದಕ್ಕಿಂತ ಚೆನ್ನಾಗಿದೆ. ಕೊನೆಯ ಸಾಲಿಗೆ 'ಕಹಿ ಫಸಲು' ಇರಲಿ. ಅಲ್ಲಿ ಹಣ್ಣು ಬೆಳೆಯಾಗುತ್ತದೆ, ಅಂದರೆ ಯಾರೋ ಬಿತ್ತಿದ್ದು, ಯಾರೋ ನೀರು ಹೊಯ್ದದ್ದು.

ಗಡಿನಾಡು

ಹಾಳೆಯ ಪೀಠಿಕೆಯಲ್ಲಿ ತಪ್ಪು ನುಸುಳದಿರಲಿ ಎಂದು ಎರಡು ಮಾತು.

ಮೀರೋಪೊಲ್ ಈ ಪದ್ಯ ಬರೆಯಲು ಕಾರಣವಾದದ್ದು ಲಾರೆನ್ಸ್ ಬೈಟ್ಲರ್ ತೆಗೆದ ಫೋಟೋ. ಥಾಮಸ್ ಶಿಪ್ ಮತ್ತು ಏಬ್ರಮ್ ಸ್ಮಿತ್ ಎಂಬ ಇಬ್ಬರನ್ನು 1930ರ ಆಗಸ್ಟ್ 7ರಂದು ಮರಕ್ಕೆ ನೇತುಹಾಕಿದ್ದು ಇಂಡಿಯಾನಾದ ಮೇರಿಯನ್ ಊರಿನಲ್ಲಿ. ಇಂಡಿಯಾನಾ ದಕ್ಷಿಣದ ರಾಜ್ಯವಲ್ಲ. ಹಾಡು ದಕ್ಷಿಣ ಎನ್ನುತ್ತದೆ, ಫೋಟೋ ಉತ್ತರದ್ದು. ಇದು ದಕ್ಷಿಣದವರ ಕಾಯಿಲೆ ಎಂದು ಕೈತೊಳೆದುಕೊಳ್ಳಲಾಗದು ಎಂಬುದನ್ನು ಇದೊಂದೇ ಸಂಗತಿ ಹೇಳುತ್ತದೆ.

ಆ ಫೋಟೋವನ್ನು ಹಾಡಿನ ಜೊತೆ ಪರದೆಯ ಮೇಲೆ ತೋರಿಸುತ್ತಾರೆ, ದಯವಿಟ್ಟು ಬೇಡ. ಬೈಟ್ಲರ್ ಅದರ ಸಾವಿರಾರು ಪ್ರತಿ ಮಾಡಿ ಮಾರಿದರು, ಜನ ನೆನಪಿಗೆಂದು ಕೊಂಡರು. ಅದರ ಮುಂಭಾಗದಲ್ಲಿ ಬಿಳಿಯರು ಕ್ಯಾಮೆರಾ ನೋಡುತ್ತ ನಿಂತಿದ್ದಾರೆ, ಒಬ್ಬ ಮೇಲಕ್ಕೆ ಬೆರಳು ತೋರಿಸುತ್ತಿದ್ದಾನೆ. ಸತ್ತವರನ್ನು ನೋಟದ ವಸ್ತು ಮಾಡಿದ ಆ ಚಿತ್ರವನ್ನು ಬಿಟ್ಟು ಮೀರೋಪೊಲ್ ಪದಕ್ಕೆ ಬಂದರು. ನಾವು ಮತ್ತೆ ಚಿತ್ರಕ್ಕೆ ಹೋಗುವುದು ಬೇಡ.

ಎರಡನೆಯದು. ಈ ಹಾಡು ಹಾಡಿದ್ದಕ್ಕೇ ಹಾಲಿಡೇಯನ್ನು ಜೈಲಿಗೆ ಹಾಕಿದರು ಎಂದು ಎಲ್ಲೆಡೆ ಬರೆಯುತ್ತಾರೆ. 1947ರ ಮೊಕದ್ದಮೆ ಮಾದಕ ವಸ್ತುವಿನದು. ಅದರಿಂದಾಗಿ ನ್ಯೂಯಾರ್ಕಿನ ಕ್ಯಾಬರೆ ಪರವಾನಗಿ ಚೀಟಿ ಹೋಯಿತು, ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡುವಂತಿಲ್ಲವಾಯಿತು. ಇಷ್ಟನ್ನೇ ಬರೆಯಿರಿ. ಹಾಡಿನ ಕಾರಣಕ್ಕೆ ವಿಚಾರಣೆ ಎದುರಿಸಿದ್ದು ಮೀರೋಪೊಲ್. ನ್ಯೂಯಾರ್ಕ್ ರಾಜ್ಯದ ಸಮಿತಿಯೊಂದು ಅವರನ್ನು ಕರೆಸಿ, ಇದನ್ನು ಬರೆಯಲು ಕಮ್ಯುನಿಸ್ಟ್ ಪಕ್ಷ ದುಡ್ಡು ಕೊಟ್ಟಿತ್ತೇ ಎಂದು ಕೇಳಿತ್ತು.

ದನಿಗೂಡು

ಪಟ್ಟಿಯಲ್ಲಿ ಎರಡು ಜಾತಿಯ ಹಾಡು ಕಲಸಿಹೋಗಿವೆ, ಕ್ರಮ ಕೂಡದಿರುವುದಕ್ಕೆ ಅದೇ ಕಾರಣ. 'ಸ್ಟ್ರೇಂಜ್ ಫ್ರೂಟ್' ಕೇಳುವ ಹಾಡು. ಒಬ್ಬರು ಹಾಡಬೇಕು, ಉಳಿದವರು ಬಾಯಿ ಮುಚ್ಚಬೇಕು. 'ವಿ ಶಲ್ ಓವರ್‌ಕಮ್' ಕೂಡಿ ಹಾಡುವ ಹಾಡು. ಅದನ್ನು ಸ್ಪೀಕರಿನಲ್ಲಿ ಹಾಕಿ 40 ಜನ ಸುಮ್ಮನೆ ಕೂತು ಕೇಳಿದರೆ ಅದರ ಅರ್ಧವೂ ದಕ್ಕುವುದಿಲ್ಲ. ಅದನ್ನು ಹಾಡಿಸಿ.

ಅದರ ಹುಟ್ಟು ಸಂಕ್ಷೇಪದಲ್ಲಿ: ಹಳೆಯ ಚರ್ಚ್ ಹಾಡೊಂದನ್ನು 1945-46ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಮುಷ್ಕರ ಹೂಡಿದ ತಂಬಾಕು ಕಾರ್ಖಾನೆಯ ಕಪ್ಪು ಹೆಂಗಸರು ನಿಧಾನಗತಿಗೆ ಎಳೆದು ಹಾಡಿದರು. ಲುಸಿಲ್ ಸಿಮನ್ಸ್ ಎಂಬುವರ ಹೆಸರು ಉಳಿದಿದೆ. ಅಲ್ಲಿಂದ ಅದನ್ನು ಕಲಿತವರು ಟೆನೆಸಿಯಲ್ಲಿ ಚಳವಳಿಗಾರರಿಗೆ ತರಬೇತಿ ಕೊಡುತ್ತಿದ್ದ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್, ಅವರಿಂದ ಜಾನಪದ ಗಾಯಕ ಪೀಟ್ ಸೀಗರ್. 1960ರ ಏಪ್ರಿಲ್‌ನಲ್ಲಿ ರಾಲಿ ಊರಿನ ವಿದ್ಯಾರ್ಥಿಗಳ ಸಮಾವೇಶದಲ್ಲಿ ಗೈ ಕಾರವಾನ್ ಕಲಿಸಿದರು. ಆಮೇಲೆ ಅದು ಕಪ್ಪು ಜನರ ಹಕ್ಕಿನ ಚಳವಳಿಯ ಹಾಡು.

ಹಾಡಿಸುವ ಬಗೆ. ಎಲ್ಲರೂ ಎದ್ದು ನಿಲ್ಲಬೇಕು. ಬಲಗೈಯನ್ನು ಎಡಗೈಯ ಮೇಲೆ ಅಡ್ಡ ಹಾಕಿ ಅಕ್ಕಪಕ್ಕದವರ ಕೈ ಹಿಡಿಯಬೇಕು, ಆಗ ಹೆಗಲಿಗೆ ಹೆಗಲು ತಾಗಿ ಸಾಲು ತಾನಾಗಿ ತೂಗುತ್ತದೆ. ಮುಂದಾಳು ಮುಂದಿನ ಚರಣದ ಮಾತನ್ನು, ಹಿಂದಿನದರ ಕೊನೆಯ ಸ್ವರ ಎಳೆಯುತ್ತಿರುವಾಗಲೇ ಕೂಗಿ ಕೊಡಬೇಕು. ಅದು ತಡವಾದರೆ ಗುಂಪು ಮುಗ್ಗರಿಸಿ ಹಾಡು ನಿಲ್ಲುತ್ತದೆ. ಒಂದು ಚರಣಕ್ಕೆ ಹೊಸದಾಗಿ ಬೇಕಾದದ್ದು ಒಂದೇ ತುಣುಕು, ಉಳಿದದ್ದು ಮರುಕಳಿಕೆ. ಅದಕ್ಕೇ ಕಾಗದ ಬೇಡ, ಕತ್ತಲಲ್ಲೂ ಹಾಡಬಹುದು.

ಕತ್ತಲು ಎಂದದ್ದು ಸುಮ್ಮನೆ ಅಲ್ಲ. 1959ರಲ್ಲಿ ಹೈಲ್ಯಾಂಡರ್ ಮೇಲೆ ಪೊಲೀಸರು ದಾಳಿ ಮಾಡಿದಾಗ ದೀಪವಿಲ್ಲದ ಕೋಣೆಯಲ್ಲಿ ಕೂತಿದ್ದ ಹುಡುಗ ಹುಡುಗಿಯರ ನಡುವಿನಿಂದ ಮಾಂಟ್‌ಗೊಮರಿಯ ಜಮೀಲಾ ಜೋನ್ಸ್ ಎಂಬ ಹುಡುಗಿ 'ನಮಗೆ ಹೆದರಿಕೆಯಿಲ್ಲ' ಎಂಬ ಚರಣ ಎತ್ತಿದಳು. ನಮ್ಮ ಶಾಲೆಗಳಲ್ಲಿ 'ಹಮ್ ಹೋಂಗೇ ಕಾಮ್ಯಾಬ್' ಹಾಡುವ ಮಕ್ಕಳೆಲ್ಲ ಹೇಳುವ 'ನಹೀಂ ಡರ್ ಕಿಸೀ ಕಾ ಆಜ್' ಇದೇ ಚರಣ. ಗಿರಿಜಾ ಕುಮಾರ್ ಮಾಥುರ್ ಅವರ ಆ ಹಿಂದಿ ರೂಪ ನಮ್ಮಲ್ಲಿ ಪ್ರಾರ್ಥನೆಯ ಹಾಡಾಗಿದೆ, ಲಾಠಿ, ನಾಯಿ, ಬಂದೂಕಿನ ಮುಂದೆ ನಿಂತು ಹಾಡಿದ್ದು ಎಂಬ ನೆನಪು ಕಳಚಿಹೋಗಿದೆ. ನಿಮ್ಮ ಕೂಟದಲ್ಲಿ ಇದೊಂದು ಸಂಗತಿ ಹೇಳಿದರೆ ಸಾಕು, ಜನ ನಿಮಿರಿ ಕೂರುತ್ತಾರೆ.

ಕೆಂಡಸಂಪಿಗೆ_76

ದನಿಗೂಡು ಅಣ್ಣ, ಕನ್ನಡದಲ್ಲೇ ಹಾಡಿಸಬಹುದಲ್ಲ? 'ನಾವು ಗೆದ್ದೇ ಗೆಲ್ಲುವೆವು ಒಂದು ದಿನ' ಎಂದು ಹಾಡುವುದು ಎಷ್ಟೋ ಜನಕ್ಕೆ ಗೊತ್ತು.

ದನಿಗೂಡು

ಧಾರಾಳವಾಗಿ. ಒಂದು ಎಚ್ಚರ ಮಾತ್ರ. ಇಂಗ್ಲಿಷಿನ ಸಾಲಿನಲ್ಲಿ ಐದೇ ಉಚ್ಚಾರ, ಕೊನೆಯದನ್ನು ಉದ್ದಕ್ಕೆ ಎಳೆಯುತ್ತಾರೆ. 'ನಾವು ಗೆದ್ದೇ ಗೆಲ್ಲುವೆವು' ಎಂಬಲ್ಲಿ ಎಂಟು ಅಕ್ಷರ. ಎಳೆಯುವ ಜಾಗವೆಲ್ಲ ಅಕ್ಷರದಿಂದ ತುಂಬಿಹೋಗುವುದರಿಂದ ಹಾಡುವವರು ತಿಳಿಯದೆ ಬೇಗ ಬೇಗ ಹೋಗುತ್ತಾರೆ, ಮೂರನೆಯ ಚರಣಕ್ಕೆ ಕವಾಯತಿನ ಹಾಡಾಗಿರುತ್ತದೆ. 'ಗೆಲ್ಲು' ಎಂಬಲ್ಲಿ ತಡೆದು, ಕೊನೆಯ 'ವು' ಎಳೆಸಿ. ಕೈ ತಟ್ಟಿಸಬೇಡಿ, ತಟ್ಟಿದರೆ ಓಡುತ್ತದೆ.

ಕರಿಹಲಗೆ

ನೀನಾ ಸಿಮೋನ್ ಬಗ್ಗೆ ಯಾರೂ ಬರೆದಿಲ್ಲ. ನನ್ನ ಮಟ್ಟಿಗೆ ಪಟ್ಟಿಯಲ್ಲಿ ಅತಿ ಎಚ್ಚರದಿಂದ ಕೇಳಿಸಬೇಕಾದ್ದು ಅದೇ.

1963ರ ಜೂನ್ 12ರಂದು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಕಪ್ಪು ಜನರ ಹಕ್ಕಿನ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಸೆಪ್ಟೆಂಬರ್ 15ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಚರ್ಚಿಗೆ ಬಾಂಬಿಟ್ಟರು. 14 ವರ್ಷದ ಮೂವರು, 11 ವರ್ಷದ ಒಬ್ಬಳು ಸತ್ತರು. ಸಿಮೋನ್ ಒಂದು ಗಂಟೆಯೊಳಗೆ ಹಾಡು ಬರೆದು ಮುಗಿಸಿದರು. ಕೊಲ್ಟ್ರೇನ್ ಅವರ 'ಅಲಬಾಮಾ' ಅದೇ ಬಾಂಬಿಗೆ ಹುಟ್ಟಿದ್ದು, ನವೆಂಬರ್ 18ರಂದು ಮುದ್ರಣವಾದದ್ದು. ಮಾತೇ ಇಲ್ಲ, ಸ್ಯಾಕ್ಸಫೋನ್ ಮುಂದಾದ ವಾದ್ಯಗಳು ಮಾತ್ರ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ, ಕೊಲ್ಟ್ರೇನ್ ಮೊದಲು. ಹಾಳೆ ಇಲ್ಲದೆ ಐದು ನಿಮಿಷ ಕೇಳುವುದು ಕನ್ನಡದ ಕಿವಿಗೆ ಆಲಾಪನೆಯಿಂದ ಅಭ್ಯಾಸವಿದೆ.

ಸಿಮೋನ್ ಅವರದು 1964ರ ಕಾರ್ನೆಗಿ ಹಾಲ್ ಮುದ್ರಣವೇ ಆಗಬೇಕು, ಯಾಕೆಂದರೆ ಅಲ್ಲಿ ಸಭಿಕರ ಸದ್ದಿದೆ. ಪಿಯಾನೊ ಕುಣಿಯುವ ಲಯದಲ್ಲಿ ಶುರು. ಇದು ನಾಟಕದ ಹಾಡು, ನಾಟಕ ಮಾತ್ರ ಇನ್ನೂ ಬರೆದಿಲ್ಲ ಎನ್ನುತ್ತಾರೆ, ಜನ ನಗುತ್ತಾರೆ. ಸ್ವಲ್ಪ ಹೊತ್ತಿಗೆ, ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಾ ಎಂದು ಕೇಳುತ್ತಾರೆ. ಆ ಹೊತ್ತಿಗೆ ನಗು ಎಲ್ಲಿ ಹೋಯಿತು ಎಂದು ಕಿವಿಗೊಟ್ಟು ಕೇಳಿ. ಪಿಯಾನೊ ಲಯ ಬದಲಾಗಿಲ್ಲ, ಬದಲಾದದ್ದು ಕೂತವರು. ನಿಮ್ಮ ಸಭೆಯವರೂ ಮೊದಲಿಗೆ ಕಾಲು ಕುಣಿಸುತ್ತಾರೆ. ಬೇಡ ಎನ್ನಬೇಡಿ, ಹಾಡಿನ ಗಾಳ ಅದೇ.

ನಡುವೆ ವಾದ್ಯದವರು 'ತೀರಾ ನಿಧಾನ' ಎಂದು ಮತ್ತೆ ಮತ್ತೆ ಕೂಗುವ ಭಾಗವಿದೆ. ನಿಧಾನವಾಗಿ ಹೋಗಿ, ಆತುರ ಬೇಡ ಎಂದು ಕಪ್ಪು ಜನರಿಗೆ ಬುದ್ಧಿ ಹೇಳುತ್ತಿದ್ದವರಿಗೆ ಕೊಟ್ಟ ಉತ್ತರ ಅದು. ಹಾಳೆಯಲ್ಲಿ ಈ ಕೂಗನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ಜನ ಕಣ್ಣಲ್ಲೇ ಹಿಡಿಯಲಿ.

'ಗಾಡ್‌ಡ್ಯಾಮ್' ಪದಕ್ಕೆ 'ಶಾಪ' ಗೀಪ ಬೇಡ. ಬೈಗುಳವನ್ನು ಬೈಗುಳದಿಂದಲೇ ತನ್ನಿ: 'ಮಿಸಿಸಿಪ್ಪಿ, ನಿನ್ನ ಮನೆ ಹಾಳಾಗ.' ಹೊಟ್ಟೆ ಉರಿದ ಹೆಂಗಸಿನ ಬಾಯಲ್ಲಿ ಬರುವ ಮಾತು ಅದು. ಆ ಒಂದು ಪದವನ್ನೇ ನೆಪಮಾಡಿ ರೇಡಿಯೋದವರು ಹಾಡನ್ನು ದೂರವಿಟ್ಟರು. ದಕ್ಷಿಣ ಕೆರೊಲಿನಾದಿಂದ ತಟ್ಟೆಗಳ ಒಂದು ಪೆಟ್ಟಿಗೆ ವಾಪಸು ಬಂದಾಗ ಒಂದೊಂದು ತಟ್ಟೆಯೂ ಎರಡು ತುಂಡಾಗಿತ್ತು.

ಗಡಿನಾಡು

ಪರಿಣಾಮದ ಬಗ್ಗೆ ಹೇಳುವಾಗ ಉತ್ಸಾಹ ಹಿಡಿತದಲ್ಲಿರಲಿ. ಗುಂಪುಹತ್ಯೆ ತಡೆಯುವ ಡೈಯರ್ ಮಸೂದೆಯನ್ನು ಅಮೆರಿಕದ ಸಂಸತ್ತಿನ ಕೆಳಮನೆ 1922ರಲ್ಲೇ ಒಪ್ಪಿತ್ತು, ಮೇಲ್ಮನೆ ಸೆನೆಟ್ ತಡೆಯಿತು. 1930ರ ದಶಕದ ಮಸೂದೆಗಳಿಗೂ ಅದೇ ಗತಿ. 'ಸ್ಟ್ರೇಂಜ್ ಫ್ರೂಟ್' 1939ರದ್ದು. ಸೆನೆಟ್ ಕ್ಷಮೆ ಕೇಳಿದ್ದು 2005ರಲ್ಲಿ, ಒಕ್ಕೂಟದ ಕಾನೂನು ಬಂದದ್ದು 2022ರ ಮಾರ್ಚ್‌ನಲ್ಲಿ, 1955ರಲ್ಲಿ ಕೊಲೆಯಾದ 14ರ ಹುಡುಗ ಎಮೆಟ್ ಟಿಲ್ ಹೆಸರಿನಲ್ಲಿ. ಹಾಡು ಬಂದು 83 ವರ್ಷ! ಹಾಡು ಕಾನೂನು ತಂದಿತು ಎಂದು ದಯವಿಟ್ಟು ಹೇಳಬೇಡಿ.

ದನಿಗೂಡು

ಲೆಕ್ಕ ಸರಿ, ಆದರೆ ಅಳತೆಗೋಲು ಒಂದೇ ಅಲ್ಲವಲ್ಲ ಸರ್. 1961-62ರಲ್ಲಿ ಜಾರ್ಜಿಯಾದ ಆಲ್ಬನಿಯಲ್ಲಿ ವರ್ಣಭೇದದ ವಿರುದ್ಧ ನಡೆದ ಚಳವಳಿ ನೋಡಿ. ಪೊಲೀಸ್ ಮುಖ್ಯಸ್ಥ ಲಾರಿ ಪ್ರಿಚೆಟ್ ನೂರಾರು ಜನರನ್ನು ಜೈಲಿಗೆ ತುಂಬಿದ. ಜನ ಹಳೆಯ ಚರ್ಚ್ ಹಾಡಿನಲ್ಲಿ ಅವನ ಹೆಸರನ್ನೇ ಸೇರಿಸಿ, 'ಪ್ರಿಚೆಟ್ಟಿಗೆ ನಮ್ಮನ್ನು ಹಿಂದಿರುಗಿಸಲಾಗದು' ಎಂದು ಅವನ ಮುಂದೆಯೇ ಹಾಡಿದರು. ಆ ಚಳವಳಿಯಿಂದಲೇ 1962ರಲ್ಲಿ ಬರ್ನೀಸ್ ಜಾನ್ಸನ್, ಕಾರ್ಡೆಲ್ ರೀಗನ್, ರೂಥಾ ಹ್ಯಾರಿಸ್, ಚಾರ್ಲ್ಸ್ ನೆಬ್ಲೆಟ್ ಸೇರಿ 'ಫ್ರೀಡಂ ಸಿಂಗರ್ಸ್' ಆದರು. ಊರೂರು ಸುತ್ತಿ ಹಾಡಿ ಸಂಘಟನೆಗೆ ಹಣ ಕೂಡಿಸಿದರು, ಸುದ್ದಿ ಮುಟ್ಟಿಸಿದರು. ಹೆದರಿದವರನ್ನು ಸಾಲಿನಲ್ಲಿ ನಿಲ್ಲಿಸುವುದು, ಜೈಲಿನ ರಾತ್ರಿ ಕಳೆಯಿಸುವುದು, ಡಬ್ಬಿಗೆ ದುಡ್ಡು ತರುವುದು, ಇವೂ ಪರಿಣಾಮವೇ. ಕೂಡಿ ಹಾಡುವ ಹಾಡನ್ನು ಇದರಿಂದ ಅಳೆಯಿರಿ.

ಕೇಳುವ ಹಾಡು ಮಾಡುವ ಕೆಲಸ ಬೇರೆ: ಬಾಯಿ ಬಿಟ್ಟು ಆಡದ ಮಾತನ್ನು ಆಡುವುದು.

ಗಡಿನಾಡು

ಒಪ್ಪಿದೆ. ಹಾಗಾದರೆ 'ಆಲ್‌ರೈಟ್' ಕೂಡಿ ಹಾಡುವ ಸಾಲಿಗೆ ಸೇರಬೇಕು. ಅದು ತಟ್ಟೆಯಲ್ಲಿ ಒಬ್ಬರ ಹಾಡು. 2015ರ ಜುಲೈಯಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಪೊಲೀಸರ ಎದುರು ಗುಂಪು ಅದರ ಪಲ್ಲವಿಯನ್ನಷ್ಟೇ ಎತ್ತಿಕೊಂಡು ಕೂಗಿತು. ಪೂರ್ತಿ ಹಾಡಿನ ಅನುವಾದಕ್ಕೆ ಕೈಹಾಕಬೇಡಿ ಮೇಡಂ, ಪಲ್ಲವಿ ಸಾಕು.

ಹಳೇತಟ್ಟೆ

ಸ್ಯಾಮ್ ಕುಕ್ ಹಾಡಿಗೆ ಒಂದು ಎಚ್ಚರಿಕೆ. ಈ ಹಾಡಿರುವ ಆಲ್ಬಂ 1964ರ ಆರಂಭದಲ್ಲಿ ಬಂತು. ಡಿಸೆಂಬರ್‌ನಲ್ಲಿ, ಕುಕ್ ಸತ್ತ ಮೇಲೆ, ಹಾಡು ಬಿಡಿ ತಟ್ಟೆಯಾಗಿ (ಸಿಂಗಲ್) ಬಂದಾಗ ಒಂದು ಚರಣ ಕತ್ತರಿಸಿದ್ದರು. ಯಾವುದು ಗೊತ್ತೇ? ಸಿನಿಮಾಕ್ಕೆ, ಪೇಟೆಗೆ ಹೋದರೆ 'ಇಲ್ಲಿ ಸುಳಿಯಬೇಡ' ಎಂದು ಅಟ್ಟುವ ಚರಣ. ವರ್ಣಭೇದವನ್ನು ನೇರವಾಗಿ ಹೇಳುವುದು ಅದೊಂದೇ. ಈಗಲೂ ಎರಡೂ ರೂಪ ಸಿಗುತ್ತವೆ. ಹಾಕುವ ಮೊದಲು ಪೂರ್ತಿ ಕೇಳಿ, ಆ ಚರಣ ಇಲ್ಲದಿದ್ದರೆ ಬೇರೆ ಕಡತ ಹುಡುಕಿ.

ಕಡಲತಡಿ

ದಕ್ಷಿಣ ಆಫ್ರಿಕಾದ ಒಂದು ಹಾಡಿಗೆ ಜಾಗ ಮಾಡಿ. 'ಸೆಂಜೆನಿ ನಾ' ಎಂದರೆ 'ನಾವೇನು ಮಾಡಿದೆವು'. ಪೊಲೀಸರ ಗುಂಡಿಗೆ ಸತ್ತವರ ಶವಯಾತ್ರೆಗಳಲ್ಲಿ ಇದೊಂದೇ ಪ್ರಶ್ನೆಯನ್ನು ಹಲವು ದನಿಯಲ್ಲಿ ಮತ್ತೆ ಮತ್ತೆ ಹಾಡುತ್ತಿದ್ದರು. ಅನುವಾದದ ತಾಪತ್ರಯವೇ ಇಲ್ಲ, ಎರಡು ಪದ.

ಪುಟ್ಟಮಲ್ಲಿಗೆ

ಎಲ್ಲರಿಗೂ ವಂದನೆ. ಕ್ರಮ ಹೀಗೆ ಬದಲಿಸಿದ್ದೇನೆ: 'ಸೆಂಜೆನಿ ನಾ', ಸ್ಯಾಮ್ ಕುಕ್ (ಪೂರ್ತಿ ರೂಪ), ಕೊಲ್ಟ್ರೇನ್, ಬೆನ್ನಿಗೇ ಸಿಮೋನ್. ಆಮೇಲೆ ಹತ್ತು ನಿಮಿಷ ಟೀ. ಲೋಟ ಎತ್ತಿದ ಮೇಲೆ ಆಲ್ಬನಿಯ ವಿಷಯ, 'ಆಲ್‌ರೈಟ್' ಪಲ್ಲವಿ, ಎಲ್ಲರೂ ನಿಂತು 'ನಾವು ಗೆದ್ದೇ ಗೆಲ್ಲುವೆವು'. ಜನ ಕೂತು ಉಸಿರು ತಣ್ಣಗಾದ ಮೇಲೆ ಹಾಳೆ ಹಂಚಿ, ಎರಡು ನಿಮಿಷ ಓದು, ದೀಪ ಆರಿಸಿ 1939ರ ಹಾಲಿಡೇ. ಗೆಲ್ಲುವೆವು ಎಂದ ಮೇಲೆ ಈ ಹಾಡು ಬರುವುದು ಸರಿಯೇ ಎಂದು ತುಂಬಾ ಯೋಚಿಸಿದೆ. ಕೂಡಿ ಹಾಡಿದ ಹುರುಪಿನಲ್ಲಿ ಜನ ಎದ್ದು ಹೋಗುವುದಕ್ಕಿಂತ, ಯಾವುದರ ವಿರುದ್ಧ ಹಾಡಿದೆವು ಎಂಬುದನ್ನು ಕೇಳಿ ಹೋಗಲಿ. ಶೀರ್ಷಿಕೆ 'ಬೇರೆಯೇ ಹಣ್ಣು', ಹೂವು ಸಂಪಿಗೆ, ಫೋಟೋ ಇಲ್ಲ.

ಹಳೇತಟ್ಟೆ

ಚೆನ್ನಾಗಿದೆ. ಒಂದೆರಡು ಯಂತ್ರದ ಮಾತು. ಹಾಡುಗಳನ್ನು ಇಂಟರ್ನೆಟ್ಟಿನಿಂದ ನೇರ ಹಾಕಬೇಡಿ. ಹಾಲಿಡೇ ದನಿ ನಿಂತ ಮರುಕ್ಷಣ ಸೋಪಿನ ಜಾಹೀರಾತು ಬರುತ್ತದೆ, ಇಲ್ಲವೇ ಮುಂದಿನ ಹಾಡು ತಾನೇ ಶುರುವಾಗುತ್ತದೆ. ಕೊಂಡು ಇಳಿಸಿಕೊಂಡ ಕಡತ ಇಟ್ಟುಕೊಂಡು ಒಂದೊಂದನ್ನೇ ಕೈಯಾರೆ ಹಾಕಿ, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. '1939' ಎಂದು ಹೆಸರಿಟ್ಟ ಕಡತ ನಿಜಕ್ಕೂ 1956ರದ್ದಾಗಿರುವುದುಂಟು. 1956ರದ್ದರಲ್ಲಿ ಟ್ರಂಪೆಟ್ ಗಟ್ಟಿಯಾಗಿ ಮೊಳಗುತ್ತ ತೆರೆಯುತ್ತದೆ, ಹಾಲಿಡೇ ದನಿ ಒಡೆದಿದೆ, ಮುದ್ರಣ ಶುಚಿಯಾಗಿದೆ. ನಿಮಗೆ ಬೇಕಾದದ್ದರಲ್ಲಿ ತಟ್ಟೆಯ ಸರಸರ ಸದ್ದು ಇರುತ್ತದೆ, ದನಿಗೆ 24 ವರ್ಷ. ಆ ಸರಸರ ತೆಗೆಯಲು ಹೋಗಬೇಡಿ, ಅದರ ಜೊತೆ ಉಸಿರೂ ಹೋಗುತ್ತದೆ. ಕೊನೆಯ ಪದದಲ್ಲಿ ಸ್ವರ ಕೆಳಗಿಳಿದು ಆಧಾರ ಸ್ವರದಲ್ಲಿ ನಿಲ್ಲುವುದಿಲ್ಲ, ಮೇಲಕ್ಕೆ ಎಳೆದು ಅಲ್ಲೇ ಕಡಿಯುತ್ತದೆ. ಹಾಡು ನಡುವೆ ನಿಂತಿತು ಎಂದುಕೊಂಡು ಯಾರೋ ದೀಪ ಹಾಕುತ್ತಾರೆ. ಸ್ವಿಚ್ಚಿನ ಹತ್ತಿರ ನಿಲ್ಲುವವರಿಗೆ ಮೊದಲೇ ಹೇಳಿಡಿ: ಮನಸ್ಸಿನಲ್ಲಿ ಮೂವತ್ತು ಎಣಿಸಿ, ಆಮೇಲೆ ಹಾಕಿ.